ಎಡಗಡೆ ಸ್ಪೀಕರಿನ ಹಾರ್ಮೋನಿಯಂ

ನಾಸಿಕದ ಬಸ್‌ಸ್ಟ್ಯಾಂಡಿನಲ್ಲಿ ಸಂಭಾಜಿನಗರದ ಬಸ್ಸಿಗೆ ಕಾದು ಕಾದು ನನ್ನ ತಲೆ ಕೆಟ್ಟಿತ್ತು. ಸಾಲಿನಲ್ಲಿ ನನ್ನ ಮುಂದೆ ಕಲಬುರಗಿ ಕಡೆಯ ವಯಸ್ಸಾದ ಗಂಡ ಹೆಂಡತಿ. ಗಂಡ ಹಳೇ ಸ್ಟೀರಿಯೊ ಆಂಪ್ಲಿಫೈಯರನ್ನು ಕೌದಿಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡಿದ್ದರು.

“ಈ ಸಲನೂ ರಿಪೇರಿ ಆಗ್ಲಿಲ್ಲಂದ್ರ ಗುಜರಿಯವಗ ಕೊಡ್ತೀನಂತ ಮಗ ಹೇಳ್ಯಾನ್ರಿ.”

“ಆಗ್ತದ. ಸಂಭಾಜಿನಗರದ ಮಿಸ್ತ್ರಿ ಹಳೇ ಕೈ. ಎಡಗಡೆ ಸ್ಪೀಕರಿಗಿ ದನಿ ಹೋಗವಲ್ದು, ಅಷ್ಟೇ.”

“ಯಾಕ ಹೋಗವಲ್ದು?”

“ಯಾಕ? ದಸರಾಕ್ಕೊಮ್ಮಿ ವಿಭೂತಿ ನೀರಾಗ ಕಲಸಿ ಇದರ ಹಣಿಗಿ ಬಳೀತಿದ್ದಾಕಿ ನೀನಾ ನಾನಾ?”

“ಮಗನ ಗಾಡಿಗೂ ಹಚ್ಚೀನಿ. ಅದು ಓಡ್ಲಿಕತ್ತದಲ್ಲ!”

“ಗಾಡಿಗಿ ಮ್ಯಾಲ ಹಚ್ಚಿದಿ. ಇದಕ್ಕ ಬಟನಿನ ಸಂದಿನ್ಯಾಗ ಸುರದಿ.”

“ಹೋಗ್ಲಿ ಬಿಡ್ರಿ. ಮೊಬೈಲಿನ್ಯಾಗ ಭಜನಿ ಕೇಳು ಅಂತಾನ ಮಗ.”

“ಕೇಳ್ತಿ ಏನು?”

ಆಕೆ ಜಾರಿದ ಕೌದಿಯ ಅಂಚನ್ನು ಎಳೆದು ಸರಿಮಾಡಿದರು.

“ಸೊಳ್ಳಿ ಗುಂಯ್ ಅಂದಂಗ ಆಗ್ತದ. ಇದರಾಗ ಬಲಕ್ಕ ತಬಲಾ, ಎಡಕ್ಕ ಹಾರ್ಮೋನಿಯಂ ಪೇಟಿ. ಅಡಗಿಮನಿ ಬಾಗಲಾ ಎಡಕ್ಕೇ ಅದ. ಪೇಟಿ ಇಲ್ದ ರೊಟ್ಟಿ ಬಡೀಲಿಕ್ಕಿ ಮನಸೇ ಬರವಲ್ದು.”

ಅಂತೂ ಬಸ್ಸು ಬಂತು. ಗಂಟನ್ನು ಡಿಕ್ಕಿಯಲ್ಲಿ ಇಡಿ ಎಂದು ಕಂಡಕ್ಟರ್ ಗದರಿದ. ಆಕೆ ಅದನ್ನು ಗಂಡನ ಕೈಯಿಂದ ಕಸಿದುಕೊಂಡು, ಜನರನ್ನು ತಳ್ಳಿಕೊಂಡು ಹತ್ತೇಬಿಟ್ಟರು. ಒಳಗೆ ಒಂದೇ ಜೋಡಿ ಸೀಟು ಖಾಲಿ ಇತ್ತು. ನಾನು ಇನ್ನೂ ಬಾಗಿಲಲ್ಲೇ ನೇತಾಡುತ್ತಿದ್ದೆ.

“ಇದು ಕಿಟಕಿ ಕಡಿ ಕೂಡ್ತದ. ನಾ ಬಾಜೂಕ.”

“ಮತ್ತ ನಾನು?”

“ನೀವು ಮೂರು ಟಿಕೀಟ ತಗೊಂಡು ನಿಂದರ್ರಿ.”