ಮುಂದೆ ನಡೆದ ಬೂಟು

ನಂಬದೇ ಇರೋರು ಈಗಲೇ ಎದ್ದು ಒಳಗೆ ಹೋಗಿ ಕಾಫಿ ಕುಡೀರಿ. ನಡುವೆ ಯಾರಾದ್ರೂ ಕಿಸಕ್ಕಂದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಆಮೇಲೆ ಕಾಲಿಗೆ ಬಿದ್ದರೂ ಮುಂದಕ್ಕೆ ಹೇಳೋಳಲ್ಲ ನಾನು. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಬೇಲಿಯಾಚೆ ಮನೆ ಲೆಂಪಿಗೆ ಆಗಿದ್ದು. ಅವಳಿಗೂ, ಅವಳ ಅಣ್ಣ ತೌನೋಗೂ.

ಸೆಪ್ಟೆಂಬರ್ ಕೊನೆ. ಹೊತ್ತು ಮುಳುಗ್ತಾ ಇತ್ತು. ಅಪ್ಪನ ಕಾಲದಿಂದ ಬಂದ ರೂಢಿ ಬಿಡಬಾರದು ಅಂತ ಅಣ್ಣ ತಂಗಿ ಆ ವರ್ಷವೂ ಕೆರೆಗಳ ಕಾಡಿಗೆ ಹೋಗಿದ್ದರು. ಮೂರು ದಿನ ಮುಗಿಸಿ ವಾಪಸ್ ಬರ್ತಾ ಇದ್ದರು. ಮಿನ್ನೆಸೋಟದ ಈ ಕಾಡು ನಿಮಗೆ ಗೊತ್ತಿರೋದೇ... ಒಂದು ಕೆರೆ, ಒಂದು ತುಂಡು ಕಾಡು, ಮತ್ತೊಂದು ಕೆರೆ. ರಸ್ತೆ ಇಲ್ಲ, ಮನೆ ಇಲ್ಲ, ಕೂಗಿದರೆ ಓ ಅನ್ನೋರಿಲ್ಲ. ನೀರಿರೋ ಕಡೆ ದೋಣಿ ನಮ್ಮನ್ನ ಹೊರುತ್ತೆ, ನೀರಿಲ್ಲದ ಕಡೆ ನಾವು ದೋಣಿನ ಹೊರಬೇಕು. ಹಾಗೆ ಹೊತ್ತು ನಡೆಯೋ ಕೊನೇ ದಾರಿ ಒಂದು ಬಾಕಿ ಇತ್ತು. ಅದರಾಚೆ ಸಣ್ಣ ಕೆರೆ, ಕೆರೆಯಾಚೆ ತೌನೋನ ಗಾಡಿ.

ಇಬ್ಬರ ನಡುವೆ ಮಾತಿಲ್ಲ. ಎರಡು ದಿನದಿಂದ.

ಆಗಿದ್ದು ಇಷ್ಟು. ಮೊದಲನೇ ರಾತ್ರಿ ಮೀನು ಹುರೀತಾ ತೌನೋ ಇದ್ದಕ್ಕಿದ್ದಂಗೆ ಕೇಳಿದ, "ಅಮ್ಮ ಸಾಯೋವಾಗ ನೀನೆಲ್ಲಿ ಬಿದ್ದುಕೊಂಡಿದ್ದೆ?"

ಹನ್ನೊಂದು ವಾರ ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆ ಪಕ್ಕ ಕೂತಿದ್ದವಳು ಲೆಂಪಿ. ಒಂದೇ ಒಂದು ರಾತ್ರಿ ಮನೆಗೆ ಹೋಗಿ ಮಲಗಿದ್ದಳು. ಅದೇ ರಾತ್ರಿ ಆ ಮುದುಕಿ ಹೋಗಿಬಿಟ್ಟಿತು. ಅದನ್ನೇ ಎತ್ತಿ ಆಡಿದ.

"ತಿಂಗಳಿಗೊಂದ್ಸಲ ಬಂದು ಹೂವಿಟ್ಟು ಹೋಗೋಕೆ ನನಗೂ ಬರ್ತಿತ್ತು," ಅಂದಳು. "ಇನ್ನು ನಿನ್ನ ಹತ್ತಿರ ಮಾತಾಡಿದ್ರೆ ಕೇಳು."

"ನೋಡ್ತಿರು, ನೀನೇ ಮೊದಲು ಬಾಯಿ ಬಿಡ್ತೀಯ."

"ನನ್ನ ಹೆಣ ಬಾಯಿ ಬಿಡುತ್ತೆ, ಹೋಗೋ."

ಮುಗೀತು. ನಮ್ಮ ಫಿನ್ ಜನಕ್ಕೆ ಮಾತು ಬಿಡೋದು ನೀರು ಕುಡಿದಷ್ಟು ಸಲೀಸು. ನಮ್ಮ ದೊಡ್ಡಪ್ಪ ಹೆಂಡತಿ ಜೊತೆ ಒಂದಿಡೀ ಚಳಿಗಾಲ ಮಾತಾಡಿರಲಿಲ್ಲ, ಕಾರಣ ಒಂದು ಸೌದೆ ಕೊಡಲಿ.

ದಡಕ್ಕೆ ಬಂದರು. ಯಾವತ್ತೂ ದೋಣಿ ಹೊರೋನು ತೌನೋ. ಅವತ್ತು ಲೆಂಪಿ ಹಟಕ್ಕೆ ಬಿದ್ದು ಆ ತೆಳು ತಗಡಿನ ದೋಣಿನ ತಾನೇ ಎತ್ತಿ ತಲೆ ಮೇಲೆ ಬೋರಲು ಹಾಕ್ಕೊಂಡಳು. ತೌನೋ ಬೇಡ ಅನ್ನಲಿಲ್ಲ. ನೀರಂಚಿನ ಬಂಡೆ ಮೇಲೆ ಚೀಲದ ಪಟ್ಟಿ ಬಿಗೀತಾ ಇದ್ದ.

ದೋಣಿ ಹೊತ್ತವರಿಗೆ ಆಕಾಶ ಕಾಣಲ್ಲ, ಮರ ಕಾಣಲ್ಲ. ಮುಂದೆ ನಾಲ್ಕು ಮಾರು ನೆಲ, ಅಷ್ಟೇ. ಅದಕ್ಕೇ ಚೀಲ ಹೊತ್ತವರು ಮುಂದೆ ನಡೀಬೇಕು. 'ಕಲ್ಲು', 'ಬೇರು', 'ಕೆಸರು' ಅಂತ ಕೂಗಿ ಹೇಳ್ತಾ ಹೋಗಬೇಕು. ಹಿಂದಿನವರು ಆ ಬೂಟು ನೋಡ್ಕೊಂಡು ನಡೆಯೋದು. ನಮ್ಮಲ್ಲಿ ಮಕ್ಕಳಿಗೂ ಗೊತ್ತು ಇದು.

ಲೆಂಪಿ ಹತ್ತು ಹೆಜ್ಜೆ ಹೋಗಿರಬೇಕು... ಪಕ್ಕದಿಂದ ಬೂಟು ದಾಟಿ ಮುಂದೆ ಬಂತು. ತೌನೋನದೇ. ಎಡಗಾಲಿನ ಲಾಡಿ ಹರಿದುಹೋದಾಗ ಮೀನು ಹಿಡಿಯೋ ಹಸಿರು ದಾರ ಕಟ್ಟಿಕೊಂಡಿದ್ದ, ಅದೇ ದಾರ. ನಡೆದಳು ಹಿಂದೆ.

ಕೂಗು ಮಾತ್ರ ಇಲ್ಲ. ಕಲ್ಲು ಬಂತು, ಹೇಳಲಿಲ್ಲ. ಎಡವಿದಳು. ಬೇರು ಬಂತು, ಹೇಳಲಿಲ್ಲ. 'ಸಾಯಿ, ನಿನ್ನ ಬಾಯಿ ಸವೆಯುತ್ತಾ' ಅಂತ ಮನಸ್ಸಲ್ಲೇ ಶಪಿಸಿದಳು. ಮಾತು ಬಿಟ್ಟಿದ್ದಾನಲ್ಲ, ಅದಕ್ಕೇ ಕೂಗ್ತಿಲ್ಲ ಅಂದುಕೊಂಡಳು. ಬೇರೆ ಯಾವ ದಿನ ಆಗಿದ್ರೂ ಅನುಮಾನ ಬರ್ತಿತ್ತು.

ದೋಣಿಯೊಳಗೆ ಅವಳ ಉಸಿರು ಅವಳಿಗೇ ಕೇಳ್ತಿತ್ತು... ಹುಸ್... ಹುಸ್. ಮೇಲೆ ಟೊಂಗೆ ತಗಡಿಗೆ ಉಜ್ಜಿ ಕರ್ರ್ ಅಂತಿತ್ತು. ಮುಂದಿನ ಬೂಟು ಪಚಕ್... ಪಚಕ್. ನೆಲ ಒಣಗಿತ್ತು. ಬೂಟು ಮಾತ್ರ ಪಚಕ್ ಅಂತಿತ್ತು.

ಆ ದಾರಿ ಐನೂರು ಹೆಜ್ಜೆ. ಚಿಕ್ಕಂದಿನಿಂದ ಎಣಿಸಿದವಳು. ಐನೂರಾಯ್ತು, ನೀರಿನ ವಾಸನೆ ಇಲ್ಲ. ಆರುನೂರು. ಹೆಗಲು ಕಿತ್ತು ಬರ್ತಿದೆ. ಎಂಟುನೂರು... ಕಾಲಡಿ ಮೆತ್ತಗಾಗ್ತಿದೆ. ಬೆಳಕು ಪೂರ್ತಿ ಬೂದಿ ಬಣ್ಣ.

ಆಗ ಕೇಳಿತು. ಹಿಂದಿನಿಂದ. ತುಂಬಾ ದೂರದಿಂದ.

"ಲೆಂಪೀ..."

ತೌನೋನ ದನಿ.

ನಿಂತಳು. ಮುಂದಿನ ಬೂಟೂ ನಿಂತಿತು. ಅವಳ ಕಡೆ ತಿರುಗಲಿಲ್ಲ. ಕಾಯ್ತಾ ಇರೋರ ಥರ ಸುಮ್ಮನೆ ನಿಂತಿತು. ಪಾದ ಹಿಂದುಮುಂದಾಗಿತ್ತಾ ಅಂತ ಕೇಳಬೇಡಿ. ಸರಿಯಾಗೇ ಇತ್ತು. ಲೆಂಪಿ ಹೇಳ್ತಾಳೆ, ಹಿಂದುಮುಂದಾಗಿದ್ರೆ ಆಗಲೇ ಓಡ್ತಿದ್ದೆ ಅಂತ.

ಹಟ ಮುರಿದು ಮೆಲ್ಲಗೆ ಕೇಳಿದಳು, "ತೌನೋ... ಮುಂದೆ ಇರೋದು ನೀನೇನಾ?"

"ಹೂಂ," ಅಂತು ಮುಂದೆ. ಅದೂ ತೌನೋನ ದನಿಯೇ. "ದಣಿದಿದ್ದೀಯ ಅಲ್ವಾ... ಪಾಪ. ನಿಧಾನಕ್ಕೆ ಬಾ. ಇನ್ನು ಹತ್ತೇ ಹೆಜ್ಜೆ."

ಹಿಂದಿನಿಂದ ಮತ್ತೆ ಬಂತು. ಈ ಸಲ ಸ್ಪಷ್ಟವಾಗಿ.

"ಏ ಕಿವುಡಿ... ಯಾರ ಹಿಂದೆ ದನದ ಥರ ಹೋಗ್ತಿದ್ದೀಯೇ? ಬಾರೇ ಇಲ್ಲಿ... ದರಿದ್ರದೋಳೇ."

ಲೆಂಪಿಗೆ ಮೈಯೆಲ್ಲಾ ಮುಳ್ಳೆದ್ದಿತು. ಹುಟ್ಟಿ ನಲವತ್ತು ವರ್ಷದಲ್ಲಿ ತೌನೋ ಒಂದು ದಿನ ಅವಳಿಗೆ 'ದಣಿದಿದ್ದೀಯಾ' ಅಂದವನಲ್ಲ. ಹನ್ನೊಂದು ವಾರ ಆಸ್ಪತ್ರೆಯಲ್ಲಿ ಕೂತಾಗಲೂ ಅನ್ನಲಿಲ್ಲ. ಬೈಯೋನೇ ಅಣ್ಣ ಅಂತ ಖಾತ್ರಿಯಾಯ್ತು.

ದೋಣಿನ ಅಲ್ಲೇ ಎಸೆದಳು. ಧಡಾರ್... ಅಂತು ತಗಡು. ತಲೆ ಎತ್ತಿ ಮುಂದೆ ನೋಡಲಿಲ್ಲ. ತಿರುಗಿ ಓಡಿದಳು. ಸ್ವಲ್ಪ ದೂರ ಹಿಂದೆ ಪಚಕ್, ಪಚಕ್, ಪಚಕ್... ಬೇಗ ಬೇಗ ಬಂತು. ಆಮೇಲೆ ನಿಂತಿತು.

ತೌನೋ ಬಿಟ್ಟ ಜಾಗದಲ್ಲೇ ಇದ್ದ. ಬಂಡೆಯಿಂದ ಜಾರಿ, ಎಡಗಾಲು ಎರಡು ಕಲ್ಲಿನ ಸಂದಿಗೆ ಸಿಕ್ಕಿ, ಎದೆಮಟ್ಟ ನೀರಲ್ಲಿ. ಆ ನೀರು ಹಿಮ ಕರಗಿಸಿಟ್ಟಂಗಿರುತ್ತೆ. ಅಲೆ ಚಳಪ್ ಚಳಪ್ ಅಂತ ಗದ್ದಕ್ಕೆ ಬಡೀತಿತ್ತು. ಮುಖ ನೀಲಿ. ಲೆಂಪಿ ನೀರಿಗಿಳಿದು, ಚೀಲದ ಜೊತೆ ಬಿದ್ದಿದ್ದ ಹುಟ್ಟನ್ನ ಸಂದಿಗೆ ತೂರಿಸಿ ಕಲ್ಲು ಮೀಟಿದಳು. ಕೈ ಹಾಕಿದಾಗ ಬೂಟು ಸಿಕ್ತು, ಅದರ ಮೇಲೆ ದಾರದ ಗಂಟು. ಹಸಿರು ದಾರ. ಇನ್ನೂ ಕಾಲಲ್ಲೇ ಇತ್ತು.

ಎಳೆದು ಹಾಕಿದಳು. ಬೆಂಕಿ ಮಾಡಿದಳು. ರಾತ್ರಿಯಿಡೀ ಅವನ ಬೆನ್ನು ತಿಕ್ಕುತ್ತಾ ಕೂತಳು, ಬೈತಾ, ಅಳ್ತಾ. ಅವನ ಬಾಯಲ್ಲಿ ಮಾತಿಲ್ಲ, ಹಲ್ಲು ಕಟಕಟ ಅಂತಿತ್ತು ಅಷ್ಟೇ. ಇನ್ನು ಕಾಲು ಗಂಟೆ ನೀರಲ್ಲಿದ್ದಿದ್ರೆ ಎದೆ ನಿಲ್ತಿತ್ತು ಅಂದರು ಡಾಕ್ಟರು.

ಬೆಳಿಗ್ಗೆ ಕಾಡಿನ ಗಾರ್ಡ್ ಒಬ್ಬ ಆ ಕಡೆ ಬಂದ, ಅವನು ಹೆನ್ರಿಕ್ ಅಂತ. ತೌನೋನ ತನ್ನ ದೋಣಿಯಲ್ಲಿ ಮಲಗಿಸಿ, ಇವರ ದೋಣಿ ಹುಡುಕಿಕೊಂಡು ಹೋದ. ದಾರಿ ಮೇಲಿರಲಿಲ್ಲ. ದಾರಿ ಬಿಟ್ಟು ಎಡಕ್ಕೆ, ಕರೀ ಹುದುಲಿನ ಕಡೆ ಬಿದ್ದಿತ್ತು. ಕುದುರೆ ಗಾತ್ರದ ಜಿಂಕೆಗಳೇ ಮುಳುಗಿಹೋಗೋ ಹುದುಲು ಅದು. ಅಂಚಿಗೆ ಹತ್ತು ಹೆಜ್ಜೆ ಇತ್ತಂತೆ. ಪಾಚಿ ಮೇಲೆ ಒಬ್ಬರದೇ ಹೆಜ್ಜೆ ಗುರುತು, ಲೆಂಪಿದು.

ಸರಿ. ಮೂರನೇ ದಿನ ಆಸ್ಪತ್ರೆಗೆ ನಾನೂ ಹೋಗಿದ್ದೆ, ಕಾಫಿ ತುಂಬಿಸಿಕೊಂಡು. ತೌನೋಗೆ ಆಗ ಬಾಯಿ ಬಂದಿತ್ತು. ಲೆಂಪಿ ಮಂಚದ ತುದಿಗೆ ಕೂತು ಹೇಳಿದಳು, "ಹಾಳಾದ ಬಾಯಿ ನಿಂದು. ಆದ್ರೂ ಅವತ್ತು ಬೈದಿದ್ದು ಒಳ್ಳೇದಾಯ್ತು ಕಣೋ. ಇಲ್ಲದಿದ್ರೆ ಇಬ್ಬರೂ ಹೋಗ್ತಿದ್ವಿ."

"ಯಾವಾಗ ಬೈದೆ?"

"ನೀರಲ್ಲಿದ್ದಾಗ. ಕರೆದೆಯಲ್ಲ ನನ್ನ."

ತೌನೋ ಅವಳ ಮುಖ ನೋಡಲಿಲ್ಲ. ಹೊದಿಕೆಯ ಅಂಚು ಮಡಚಿದ, ಬಿಚ್ಚಿದ.

"ನಾನು ಕರೀಲಿಲ್ಲ," ಅಂದ.

"ಸಾಯ್ತಾ ಇದ್ದೆ ಕಣೋ ನೀನು."

"ಗೊತ್ತು." ದನಿ ತೀರಾ ಸಣ್ಣಗಿತ್ತು. "ಆದ್ರೂ ಕರೀಲಿಲ್ಲ. ನೀನೇ ಮೊದಲು ಮಾತಾಡ್ಲಿ ಅಂತ... ಹಲ್ಲು ಕಚ್ಚಿಕೊಂಡಿದ್ದೆ."

ಲೆಂಪಿ ನನ್ನ ಕಡೆ ತಿರುಗಿ ನೋಡಿದಳು. ಈಗ ನೀವು ನೋಡ್ತಿದ್ದೀರಲ್ಲ, ಹಂಗೆ. ಆಗಿದ್ದು ಇದು, ನಾನು ಆ ಕೋಣೆಯಲ್ಲೇ ಇದ್ದೆ. ಕಾಫಿ ಲೋಟ ನನ್ನ ಕೈಯಲ್ಲೇ ಇತ್ತು.