ಕರಗಿದ ಕೂಸಿನ ಲೆಕ್ಕ

ಮಹಾರಾಷ್ಟ್ರದ ನಾಸಿಕ್‌ನ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ವಿದ್ಯಾವತಿಯ ಕಿವಿಗೆ ಪಕ್ಕದ ಬೆಂಚಿನಿಂದ ತನ್ನೂರ ಕಡೆಯ ಕನ್ನಡ ಬಿತ್ತು. ಅಲ್ಲಿ ಐವಿಎಫ್‌ನಿಂದ ಬಸುರಾದ ಮಧುರಾ, ತಾಯಿಯ ರಕ್ತದಿಂದಲೇ ಕೂಸಿನ ದೋಷ ನೋಡುವ ಪರೀಕ್ಷೆಯ ಫಾರ್ಮ್ ಹಿಡಿದು ಅತ್ತೆ ಗುಂಡವ್ವನ ಪಕ್ಕ ಕುಳಿತಿದ್ದಳು.

“ಹೊಟ್ಟ್ಯಾಗ ಎಷ್ಟು ಭ್ರೂಣ ಇಟ್ಟಿದ್ರು ಅಂತ ಕೇಳ್ಯಾರ್ರೀ, ಅತ್ತೀ.”

“ಒಂದಂತ ಬರಿ.”

“ಎರಡು ಇಟ್ಟಿದ್ರಲ್ರೀ. ಒಂದು ಕರಗಿತು.”

“ಹೋದದ್ದರ ಸುದ್ದಿ ಎತ್ತಬ್ಯಾಡವಾ, ಇರೋದಕ್ಕ ಒಳ್ಳೇದಲ್ಲ.”

“ಅದರ ಅಂಶ ಇನ್ನೂ ನನ್ನ ರಕ್ತದಾಗ ಇರಬಹುದಂತ್ರೀ. ನಾಳೆ ದೋಷ ಅಂತ ಬಂದ್ರ, ಯಾವ ಕೂಸಿಂದು ಅಂತ ತಿಳ್ಕೋಬೇಕು?”

“ಹಂಗಾರ ಅದು ಹೋಗೇ ಇಲ್ಲೇನು?”

“ನನಗೂ ತಿಳೀವಲ್ದುರೀ.”

ನರ್ಸ್ ಮಧುರಾಳ ಹೆಸರು ಕೂಗಿದಳು. ಗುಂಡವ್ವ ಕಣ್ಣು ಮುಚ್ಚಿ ಎಲ್ಲಮ್ಮನನ್ನು ನೆನೆದು, ಸೊಸೆಯ ಕೈಹಿಡಿದು ಎದ್ದಳು.

“ಎರಡಂತನ ಬರಿ. ಆದ್ರ ಸಣ್ಣಗ ಬರಿ, ಒಳಗಿರೋದಕ್ಕ ಕಾಣಬಾರದು.”