ರಜೆಯಲ್ಲಿದ್ದ ನನ್ನ ಐಡಿಯಿಂದ ಬಿಡುಗಡೆಯಾದ ನಲವತ್ತು ಪೆಟ್ಟಿಗೆ

ಇಂದು ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಮೊಬೈಲಿನ ಟಿಣ್ ಎಂಬ ಸದ್ದಿಗೆ ಎಚ್ಚರಗೊಂಡ, 27 ವರ್ಷದ, ಬಿ.ಎಸ್ಸಿ. ಓದಿದ, ಔಷಧಿ ಸಗಟು ಮಳಿಗೆಯ ಗುಣಮಟ್ಟ ವಿಭಾಗದಲ್ಲಿ ಗುಮಾಸ್ತೆಯಾಗಿರುವ, ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಎರಡನೇ ಮಹಡಿಯ ಮನೆಯಲ್ಲಿ ವಾಸವಿರುವ ನಾನು ಈ ಮೂಲಕ ತಿಳಿಸುವುದೇನೆಂದರೆ:

ನನಗೆ ನಾಲ್ಕು ತಿಂಗಳ ಮಗಳಿದ್ದಾಳೆ. ಹೆರಿಗೆ ರಜೆಯಲ್ಲಿದ್ದೇನೆ. ರಾತ್ರಿ ನಿದ್ದೆಯಿಲ್ಲದ ಕಾರಣ ಮಧ್ಯಾಹ್ನ ಮಲಗುತ್ತೇನೆ. ಇಂದು ಹನ್ನೊಂದು ನಿಮಿಷ ಮಲಗಿದ್ದೆ. ಮೊಬೈಲಿಗೆ ಬಂದ ಸಂದೇಶದಲ್ಲಿ, ಮಕ್ಕಳ ಜ್ವರದ ಸಿರಪ್ಪಿನ ನಲವತ್ತು ಪೆಟ್ಟಿಗೆಗಳನ್ನು ನಾನೇ ಈಗಷ್ಟೇ ಮಾರಾಟಕ್ಕೆ ಬಿಡುಗಡೆ ಮಾಡಿದ್ದೇನೆ ಎಂದಿತ್ತು.

ಅವನ್ನು ರಜೆಗೆ ಹೋಗುವ ಹಿಂದಿನ ದಿನ ತಡೆಹಿಡಿದವಳು ನಾನು. ಮಕ್ಕಳಿಗೆ ಕೊಡಲು ಯೋಗ್ಯವಲ್ಲವೆಂದು ಪ್ರಯೋಗಾಲಯದ ವರದಿ ಬಂದಿತ್ತು. ನಮ್ಮ ಕಂಪ್ಯೂಟರಿನಲ್ಲಿ ಯಾರ ಐಡಿಗೆ ಯಾವ ಮೆನು ಎಂದು ಗೊತ್ತುಮಾಡಿರುತ್ತದೆ. ತಡೆಯುವ ಮೆನು ನನ್ನದು, ಬಿಡುಗಡೆಯ ಮೆನು ಫಾರ್ಮಸಿಸ್ಟರದು. ಒಬ್ಬರಿಗೇ ಎರಡೂ ಕೊಡಬಾರದು. ‘ಬಿಡುಗಡೆ’ ಎಂಬ ಸಾಲನ್ನೇ ನಾನು ಮೂರು ವರ್ಷದಲ್ಲಿ ನನ್ನ ಪರದೆಯ ಮೇಲೆ ಕಂಡಿಲ್ಲ.

3:25ಕ್ಕೆ ಮನೆ ಬಿಟ್ಟೆ. ಮಗು ಮಲಗಿದೆ, ನೀನೂ ಬಿದ್ಕೊಳ್ಳೇ, ಕಂಪನಿ ಏನು ನಿಮ್ಮಪ್ಪಂದಾ ಎಂದು ಅತ್ತೆಯವರು ಕೇಳಿದರು. ಒಂದು ಕಿಲೋಮೀಟರ್ ನಡೆದು 3:41ಕ್ಕೆ ಮಳಿಗೆ ತಲುಪಿದೆ.

ಮೆನು ಹಂಚುವವರು ಕಂಪ್ಯೂಟರ್ ಮ್ಯಾನೇಜರ್. ಅವರನ್ನು ನಾವು ಮೆನು ಮಹಾರಾಜ ಎನ್ನುತ್ತೇವೆ. ಪ್ರಿಂಟ್ ತೆಗೆಯುವ ಮೆನು ಬೇಕಿದ್ದರೂ ಅವರ ಮೇಜಿನ ಮುಂದೆ ಅರ್ಧ ಗಂಟೆ ಕೈಕಟ್ಟಿ ನಿಲ್ಲಬೇಕು. ನನ್ನ ಜಾಗಕ್ಕೆ ಬಂದವರು ಅವರ ಭಾಮೈದ. ಹೊಸ ಐಡಿಗೆ ಒಂದು ಅರ್ಜಿ, ಮೂರು ಸಹಿ ಬೇಕು. ಅಷ್ಟು ಕಷ್ಟ ಯಾಕೆಂದು ನನ್ನ ಐಡಿಯನ್ನೇ ಕೊಟ್ಟಿದ್ದರು. ಭಾಮೈದ ದಿನಕ್ಕೆ ಹತ್ತು ಸಲ ಅದು ಕಾಣ್ತಿಲ್ಲ, ಇದು ಕಾಣ್ತಿಲ್ಲ ಎಂದು ಪೀಡಿಸಿದ್ದಕ್ಕೆ ಎಲ್ಲಾ ನೂರಾಹನ್ನೆರಡು ಮೆನುವಿಗೂ ಟಿಕ್ ಹಾಕಿಬಿಟ್ಟೆ ಎಂದು ಮ್ಯಾನೇಜರೇ ನಗುತ್ತಾ ಹೇಳಿದರು. ಈ ಬುದ್ಧಿವಂತಿಕೆಗೆ ಕಂಪನಿ ಅವರಿಗೆ ಗಾಜಿನ ಕೋಣೆ ಕೊಟ್ಟಿದೆ.

ಭಾಮೈದರನ್ನು ಕೇಳಿದೆ. ಕೆಂಪಗಿತ್ತು, ಒತ್ತಿದೆ, ಹಸಿರಾಯ್ತಲ್ಲ ಅಕ್ಕಾ ಎಂದರು. ವರದಿ ಓದಿದಿರಾ ಎಂದರೆ, ಅಯ್ಯೋ, ಅದು ಇಷ್ಟುದ್ದ ಇತ್ತು ಎಂದು ಕೈಯಲ್ಲಿ ಅಳತೆ ತೋರಿಸಿದರು.

ತಕ್ಷಣ ಮತ್ತೆ ತಡೆಯಿರಿ ಎಂದೆ. ಈಗ ತಡೆದರೆ ಬಿಡುಗಡೆ ಮಾಡಿದ್ದು ಯಾರು ಅಂತ ಮಾಲೀಕರು ಕೇಳ್ತಾರೆ, ದಾಖಲೆಯಲ್ಲಿರೋದು ನಿನ್ನ ಹೆಸರು, ಯೋಚನೆ ಮಾಡಮ್ಮಾ ಎಂದು ಮ್ಯಾನೇಜರ್ ಹೇಳಿದರು. ಹೆತ್ತ ಮೇಲೆ ಹೆಂಗಸರಿಗೆ ಎಲ್ಲದಕ್ಕೂ ಗಾಬರಿ ಎಂದೂ ಸೇರಿಸಿದರು. ನಾನೇ ತಡೆಯದಂತೆ 4:20ಕ್ಕೆ ನನ್ನೆದುರೇ ನನ್ನ ಪಾಸ್‌ವರ್ಡ್ ಬದಲಿಸಿದರು. ಹೋಗುವಾಗ ಬಾಗಿಲು ಮೆಲ್ಲಗೆ ಹಾಕು, ಗಾಜು ಎಂದರು.

ಗೋದಾಮಿನ ಅಂಗಳದಲ್ಲಿ ಪೆಟ್ಟಿಗೆಗಳು ಆಗಲೇ ವ್ಯಾನು ಹತ್ತಿದ್ದವು. ನಾನೇ ಅಂಟಿಸಿದ್ದ ಕೆಂಪು ಚೀಟಿಗಳನ್ನು ಉಗುರಿನಿಂದ ಕೆರೆದ ಗುರುತಿತ್ತು. ಇಳಿಸಿ ಎಂದೆ. ಮಾಲೀಕರು ಹೇಳದೆ ಒಂದು ಬಾಟ್ಲೂ ಇಳಿಸಲ್ಲ ತಾಯಿ ಎಂದು ಚಾಲಕರು ಹೇಳಿದರು. ವ್ಯಾನು ನಾಳೆ ಬೆಳಿಗ್ಗೆ 5:30ಕ್ಕೆ ಹೊರಡುತ್ತದೆ. ಮೊದಲು ನಿಲ್ಲುವುದು ಮಕ್ಕಳ ಆಸ್ಪತ್ರೆಯಲ್ಲಿ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ. ದಿನಾಂಕ: 18, ಸಂಜೆ 6:50.
ಸಹಿ

ಸಹಿಯ ಕೆಳಗೆ ಬರೆಯುತ್ತಿದ್ದೇನೆ, ಕ್ಷಮಿಸಿ. ಮಾಲೀಕರಿಗೆ ಒಂಬತ್ತು ಸಲ ಕರೆ ಮಾಡಿದೆ. ಗುಮಾಸ್ತೆಯರ ಕರೆ ಎತ್ತುವಷ್ಟು ಸಣ್ಣವರಲ್ಲ ಅವರು. ಠಾಣೆಯ ನಂಬರಾದರೆ ಎತ್ತುತ್ತಾರೆ. ತನಿಖೆ ನಾಳೆ ಮಾಡಿ, ನನ್ನನ್ನೇ ಹಿಡಿದು ಕೂರಿಸಿ, ಮಗುವನ್ನು ಎತ್ತಿಕೊಂಡು ಬರುತ್ತೇನೆ. ಆದರೆ ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ ಸಾರ್, ದಯವಿಟ್ಟು ಮಾಡಿ.